ಅಸಲು ಹುಟ್ಟೋಕೆ ಎಷ್ಟು ವರ್ಷ? ಮಾರಿಕಣಿವೆ ಕಲಿಸೋ ಲೆಕ್ಕ

ಇವತ್ತಿಂದು ಉದ್ದ ಬರಹ. ಸಂಜೆ ಹಾಲು ಕರೆದು, ಊಟ ಮುಗಿಸಿ, ಬಿಡುವಾಗಿ ಕೂತು ಓದಿ.

ಹೋದ ವಾರ ನಮ್ಮ ಚಿಕ್ಕಪ್ಪನ ಮಗ ಹೊಲದ ಹತ್ರ ಬಂದ. ಜೇಬಿಂದ ಒಂದು ಚೀಟಿ ತೆಗೆದು ತೋರಿಸಿದ. ಎರಡು ಎಕರೆ ಅಡಿಕೆ ಹಾಕ್ತಾನಂತೆ.

"ಅಣ್ಣ, ಎಕರೆಗೆ ಒಟ್ಟು 3 ಲಕ್ಷ 40 ಸಾವಿರ ಬೀಳುತ್ತೆ. ಫಲ ಬಂದ ಮೇಲೆ ಖರ್ಚು ಕಳೆದು ವರ್ಷಕ್ಕೆ 2 ಲಕ್ಷ ಉಳಿಯುತ್ತೆ. ಎರಡು ವರ್ಷದೊಳಗೆ ಅಸಲು ಹುಟ್ಟುತ್ತೆ. ಆಮೇಲೆ ಬರೋದೆಲ್ಲ ಲಾಭನೇ."

"ನೀರಿಗೆ ಏನಪ್ಪಾ ಮಾಡ್ತೀಯ?"

"ಡ್ಯಾಂ ತುಂಬೈತಲ್ಲಣ್ಣ, ಬೋರಲ್ಲೂ ನೀರೈತೆ. ಇನ್ನೇನು?"

ಅವನ ಭಾಗಾಕಾರ ತಪ್ಪಿಲ್ಲ. ಹಾಕಿದ ದುಡ್ಡನ್ನ ವರ್ಷದ ಉಳಿತಾಯದಿಂದ ಭಾಗಿಸಿದರೆ ಎಷ್ಟು ವರ್ಷಕ್ಕೆ ದುಡ್ಡು ವಾಪಸ್ ಅಂತ ಸಿಗುತ್ತೆ. ಬ್ಯಾಂಕಿನವರೂ ಅದನ್ನೇ ಮಾಡೋದು. ಆದರೆ ಆ "ವರ್ಷದ ಉಳಿತಾಯ" ಅನ್ನೋ ಅಂಕಿ ಯಾವ ವರ್ಷದ್ದು? ಅದನ್ನ ಅವನು ಕೇಳಿಕೊಂಡಿರಲಿಲ್ಲ. ಅವನಿಗೆ ನಾನು ನಮ್ಮ ಡ್ಯಾಂ ಕಥೆನೇ ಹೇಳಿದೆ. ಅದನ್ನೇ ಇಲ್ಲಿ ಬರೀತಿದ್ದೀನಿ, ಯಾಕಂದ್ರೆ ಕೋಡಿ ಬಿದ್ದ ಮೇಲೆ ಅಡಿಕೆ ಸಸಿ ಇಟ್ಟವರು, ಇಡಬೇಕು ಅಂತಿರೋರು ನಮ್ಮ ಸುತ್ತಮುತ್ತ ಬಹಳ ಜನ ಇದ್ದಾರೆ.

ಧಾತು ಬರದಿಂದ ಶುರು

1876ರಿಂದ 78ರವರೆಗಿನ ಬರ ನಮ್ಮ ಅಜ್ಜಂದಿರ ಬಾಯಲ್ಲಿ ಧಾತು ಬರ. ಆಗ ಮೈಸೂರು ಸೀಮೆಯಲ್ಲಿ ಐದರಲ್ಲಿ ಒಬ್ಬರು ಸತ್ತರು ಅಂತ ಲೆಕ್ಕ. 1871ರ ಜನಗಣತಿಯಲ್ಲಿ 50 ಲಕ್ಷ ಇದ್ದ ಜನ 1881ಕ್ಕೆ 42 ಲಕ್ಷದ ಹತ್ರ ಬಂದಿದ್ದರು. ಆಗ ರಾಜ್ಯ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. 1881ರಲ್ಲಿ ಅದನ್ನ ಒಡೆಯರ ಮನೆತನಕ್ಕೆ ವಾಪಸ್ ಕೊಟ್ಟಾಗ ಬರದ ಕಾಲದಲ್ಲಿ ಮಾಡಿದ್ದ 80 ಲಕ್ಷ ರೂಪಾಯಿ ಸಾಲವೂ ಜೊತೆಗೇ ಬಂತು. ಅಂದರೆ ಬರಕ್ಕೂ ಒಂದು ಬೆಲೆ ಇದೆ, ಅದೂ ಖಾತೆಯಲ್ಲಿ ಬರೀಬೇಕಾದ ಖರ್ಚು ಅನ್ನೋದು ಮೈಸೂರಿಗೆ ಆಗಲೇ ಗೊತ್ತಾಗಿತ್ತು.

1883ರಿಂದ 1901ರವರೆಗೆ ಶೇಷಾದ್ರಿ ಅಯ್ಯರ್ ದಿವಾನರು. ಅವರ ಕಾಲದ ಕೊನೆಯಲ್ಲಿ ಎರಡು ದೊಡ್ಡ ಕೆಲಸ ಶುರುವಾದವು. ಒಂದು ನಮ್ಮ ಹಿರಿಯೂರಿನ ಮಾರಿಕಣಿವೆ ಅಣೆಕಟ್ಟೆ. ಇನ್ನೊಂದು ಕಾವೇರಿ ಮೇಲೆ ಶಿವನಸಮುದ್ರದ ಕರೆಂಟು. ಎರಡೂ ಮುಗಿಯೋದನ್ನ ಅವರು ನೋಡಲಿಲ್ಲ, 1901ರಲ್ಲೇ ತೀರಿಕೊಂಡರು. ಒಂದೇ ಸರ್ಕಾರ, ಒಂದೇ ಕಾಲ, ಒಂದೇ ಖಜಾನೆ. ಆದರೆ ಹಾಕಿದ ದುಡ್ಡು ವಾಪಸ್ ಬಂದ ದಾರಿ ಬೇರೆ ಬೇರೆ.

ಹತ್ತು ವರ್ಷದ ಪರೀಕ್ಷೆ

ಆ ಕಾಲದಲ್ಲಿ ನೀರಾವರಿಗೆ ದುಡ್ಡು ಹಾಕೋ ಮುಂಚೆ ಲೆಕ್ಕ ಹೇಗೆ ಹಾಕ್ತಿದ್ದರು? ಬ್ರಿಟಿಷ್ ಇಂಡಿಯಾದಲ್ಲಿ 1867ರಿಂದ ಸಾಲ ಎತ್ತಿ ನಾಲೆ ತೋಡೋ ಪದ್ಧತಿ ಬಂತು. ಸಾಲ ಅಂದಮೇಲೆ ಬಡ್ಡಿ. ಹಾಗಾಗಿ ಒಂದು ನಿಯಮ ಬಂತು: ಕೆಲಸ ಮುಗಿದು ಹತ್ತು ವರ್ಷದೊಳಗೆ ಅದರ ನಿವ್ವಳ ಆದಾಯ ಸಾಲದ ಬಡ್ಡಿ ತೀರಿಸೋ ಮಟ್ಟಕ್ಕೆ ಬರಬೇಕು. ಬಂದರೆ ಅದು "ಲಾಭದ ಕೆಲಸ". ಬರದೇ ಇದ್ದರೆ, ಬರ ತಡೆಯೋಕೆ ಮಾಡಿದ "ರಕ್ಷಣೆಯ ಕೆಲಸ", ಅದಕ್ಕೆ ಬೇರೆ ಖಾತೆ.

ಇದರಲ್ಲಿ ಎರಡು ವಿಷಯ ಗಮನಿಸಿ. ಒಂದು, ಲೆಕ್ಕ ಶುರುವಾಗೋದು ಕೆಲಸ ಮುಗಿದ ಮೇಲೆ. ಹತ್ತು ವರ್ಷ ಕಟ್ಟಿದರೆ ಆ ಹತ್ತು ವರ್ಷದ ಬಡ್ಡಿಯೂ ಕಲ್ಲು ಗಾರೆ ಜೊತೆ ಗೋಡೆ ಒಳಗೇ ಸೇರಿಕೊಳ್ಳುತ್ತೆ. ಎರಡು, ಆದಾಯ ಅಂದರೆ ಸರ್ಕಾರಕ್ಕೆ ಬರೋ ನೀರ್ಗಂದಾಯ ಮತ್ತು ಜಾಸ್ತಿಯಾದ ಭೂಕಂದಾಯ. ರೈತನ ಕಣಕ್ಕೆ ಎಷ್ಟು ಭತ್ತ ಬಂತು, ಎಷ್ಟು ದನ ಉಳಿದವು, ಅದು ಆ ಪುಸ್ತಕದಲ್ಲಿ ಇಲ್ಲ.

ಈ ಲೆಕ್ಕ ಎಲ್ಲಿ ಕೈ ಕೊಡುತ್ತೆ ಅನ್ನೋದಕ್ಕೆ ನಮ್ಮ ವೇದಾವತಿಯ ಕೆಳಗಡೆಯೇ ಒಂದು ಉದಾಹರಣೆ ಇದೆ. ನಮ್ಮ ಹೊಳೆ ಮುಂದೆ ಹಗರಿ ಅನ್ನಿಸಿಕೊಂಡು ತುಂಗಭದ್ರೆ ಸೇರುತ್ತೆ. ಅದೇ ತುಂಗಭದ್ರೆಯ ನೀರನ್ನ ಇನ್ನೂ ಕೆಳಗೆ ಸುಂಕೇಸುಲದಲ್ಲಿ ತಡೆದು ಕರ್ನೂಲು, ಕಡಪ ಕಡೆಗೆ ನಾಲೆ ತೆಗೆಯೋಕೆ ಒಂದು ಇಂಗ್ಲಿಷ್ ಕಂಪನಿ ಹೊರಟಿತು. ಹೆಸರು ಮದ್ರಾಸ್ ಇರಿಗೇಷನ್ ಕಂಪನಿ. ಹತ್ತು ಲಕ್ಷ ಪೌಂಡ್ ಬಂಡವಾಳಕ್ಕೆ ನೂರಕ್ಕೆ ಐದು ಬಡ್ಡಿ ನಾವು ಕೊಡ್ತೀವಿ ಅಂತ ಸರ್ಕಾರ ಜಾಮೀನು ನಿಂತಿತು. ನಾಲೆಯಲ್ಲಿ ನೀರು ಹರಿಯೋ ಹೊತ್ತಿಗೆ 1871. ಖರ್ಚು ಅಂದಾಜು ದಾಟಿ ಎಲ್ಲಿಗೋ ಹೋಗಿತ್ತು.

ನೀರು ಬಂದ ಮೇಲೆ ಏನಾಯ್ತು? ಅದು ಎರೆ ಭೂಮಿ. ಮಳೆ ಚೆನ್ನಾಗಿ ಆದ ವರ್ಷ ಜೋಳ, ಹತ್ತಿ ತಾನಾಗಿ ಬೆಳೀತಿತ್ತು. ದುಡ್ಡು ಕೊಟ್ಟು ನೀರು ತಗೊಳ್ಳೋಕೆ ರೈತರು ಮುಂದೆ ಬರಲಿಲ್ಲ. ಮಳೆ ಕೈಕೊಟ್ಟ ವರ್ಷ ಮಾತ್ರ ನಾಲೆ ಕಡೆ ನೋಡಿದರು. ಕಂಪನಿಯವರು ಪ್ರತಿ ವರ್ಷ, ಎಲ್ಲ ಎಕರೆಗೂ ನೀರು ಮಾರಾಟ ಆಗುತ್ತೆ ಅಂತ ಲೆಕ್ಕ ಹಾಕಿದ್ದರು. ಕೊನೆಗೆ 1882ರಲ್ಲಿ ಸರ್ಕಾರವೇ ಆ ನಾಲೆ ಕೊಂಡುಕೊಳ್ಳಬೇಕಾಯಿತು. ಅಲ್ಲಿ ನಾಲೆಯಲ್ಲಿ ನೀರಿತ್ತು, ತಗೊಳ್ಳೋರು ಇರಲಿಲ್ಲ. ನಮ್ಮ ಮಾರಿಕಣಿವೆಯಲ್ಲಿ ಆದದ್ದು ಇದರ ಉಲ್ಟಾ.

ತುಂಬದ ಕೆರೆ

ಎರಡು ಗುಡ್ಡ ಹತ್ತಿರ ಬಂದು ಹೊಳೆಗೆ ಸಣ್ಣ ಜಾಗ ಬಿಟ್ಟಿರೋ ಕಡೆ, ಕಣಿವೆ ಮಾರಮ್ಮನ ಮಗ್ಗುಲಲ್ಲಿ, ಕಲ್ಲು ಗಾರೆಯ ಗೋಡೆ ಎದ್ದಿತು. ಉದ್ದ 1,330 ಅಡಿ, ಎತ್ತರ 162 ಅಡಿ. ಮಹಾರಾಜರು ಚಿಕ್ಕವರಿದ್ದಾಗ ತಾಯಿ ಕೆಂಪನಂಜಮ್ಮಣ್ಣಿಯವರು, ಅಂದರೆ ವಾಣಿವಿಲಾಸ ಸನ್ನಿಧಾನದವರು, ರಾಜ್ಯ ನೋಡಿಕೊಳ್ತಿದ್ದರು. ಅವರ ಹೆಸರೇ ಸಾಗರಕ್ಕೆ ಬಂತು. ಶುರುವಾಗಿ ಹತ್ತು ವರ್ಷದ ಹತ್ರ ಕೆಲಸ ನಡೆದು 1907ಕ್ಕೆ ಮುಗೀತು.

ಹಿಡಿಯೋ ನೀರು 30 ಟಿಎಂಸಿ. ಅಚ್ಚುಕಟ್ಟು ಸುಮಾರು 25 ಸಾವಿರ ಎಕರೆ. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿ. ಒಂದು ಟಿಎಂಸಿ ಅಂದರೆ ಸುಮಾರು 23 ಸಾವಿರ ಎಕರೆ ಮೇಲೆ ಒಂದು ಅಡಿ ನೀರು. 30 ಟಿಎಂಸಿಯನ್ನ ಅಷ್ಟೂ ಅಚ್ಚುಕಟ್ಟಿಗೆ ಒಂದೇ ಸಲ ಬಿಟ್ಟರೆ 27 ಅಡಿ ನೀರು ನಿಲ್ಲುತ್ತೆ. ಭತ್ತಕ್ಕೆ ಒಂದು ಬೆಳೆಗೆ ಐದು ಅಡಿ ಅಂತ ಹಿಡೀರಿ, ಐದೂವರೆ ಟಿಎಂಸಿ ಸಾಕು. ಹಾಗಾದರೆ ಅಷ್ಟು ದೊಡ್ಡದಾಗಿ ಕಟ್ಟಿದ್ದು ಯಾಕೆ?

ಇದು ಹಗೇವು ಇದ್ದ ಹಾಗೆ. ಒಳ್ಳೇ ವರ್ಷದ ರಾಗಿ ಹಗೇವಿಗೆ ತುಂಬಿಟ್ಟು ಕೆಟ್ಟ ವರ್ಷ ತೆಗೆದು ಉಣ್ತಿದ್ದರಲ್ಲ, ಹಾಗೆ ಒಂದು ಒಳ್ಳೇ ಮಳೆಯ ನೀರು ಹಿಡಿದಿಟ್ಟು ಮೂರು ಬರ ವರ್ಷ ದಾಟೋ ಸಾಮರ್ಥ್ಯ ಇದಕ್ಕಿದೆ. ಮೂರೇ ಯಾಕೆ ಅಂದರೆ ಬಿಸಿಲಿಗೂ ಪಾಲು ಕೊಡಬೇಕು. ತುಂಬಿದಾಗ ನೀರು ಹರಡೋದು 34 ಚದರ ಮೈಲಿ. ವರ್ಷಕ್ಕೆ ಐದು ಅಡಿ ಆವಿಯಾಗುತ್ತೆ ಅಂತ ಹಿಡಿದರೂ ನಾಲ್ಕೂವರೆ ಟಿಎಂಸಿ ಮೇಲೆ ಹಾಗೇ ಹೋಯ್ತು. ಹೆಚ್ಚುಕಮ್ಮಿ ಬೆಳೆ ಕುಡಿಯೋವಷ್ಟೇ ನೀರು ಬಿಸಿಲೂ ಕುಡಿಯುತ್ತೆ.

ಆದರೆ ಹಗೇವು ತುಂಬಬೇಕಲ್ಲ. ನೀರು ಬಸಿದು ಬರೋ ಪ್ರದೇಶ ದೊಡ್ಡದೇ, 2,075 ಚದರ ಮೈಲಿ. ಆದರೆ ವೇದಾ ಹೊಳೆ ಸಖರಾಯಪಟ್ಟಣದ ಅಯ್ಯನಕೆರೆ ದಾಟಿ ಬರಬೇಕು, ಅವತಿ ಹೊಳೆ ಮದಗದ ಕೆರೆ ದಾಟಿ ಬರಬೇಕು. ಅದರ ಕೆಳಗೆ ಕಡೂರು, ಹೊಸದುರ್ಗ ಸೀಮೆಯ ಕೆರೆಗಳೆಲ್ಲ ಮೊದಲು ತಮ್ಮ ಹೊಟ್ಟೆ ತುಂಬಿಸಿಕೊಂಡು ಆಮೇಲೆ ಕೋಡಿ ಬಿಡಬೇಕು. ಪಂಕ್ತಿಯಲ್ಲಿ ಕೊನೇ ಎಲೆ ನಮ್ಮದು.

ಅಣೆಕಟ್ಟೆ ಮುಗಿದು 26 ವರ್ಷಕ್ಕೆ, 1933ರಲ್ಲಿ, ಮೊದಲ ಸಲ 130 ಅಡಿ ತುಂಬಿ ಕೋಡಿ ಬಿತ್ತು. ಎರಡನೇ ಸಲ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಮೂರನೇದು 2025ರ ಜನವರಿಯಲ್ಲಿ. ಎರಡನೇದಕ್ಕೂ ಮೂರನೇದಕ್ಕೂ ಎರಡೂವರೆ ವರ್ಷವೂ ಇಲ್ಲ. ಈಚೆಗೆ ಭದ್ರೆಯಿಂದಲೂ ನೀರು ಎತ್ತಿ ಬಿಡ್ತಿದ್ದಾರೆ, ಮಳೆಯೂ ಚೆನ್ನಾಗಿ ಆಯ್ತು. ಆದರೆ ನನ್ನ ತಮ್ಮ ನೋಡಿರೋ ಡ್ಯಾಂ ಈ ಎರಡು ಕೋಡಿಯ ಡ್ಯಾಂ. ನಮ್ಮ ತಾತ 1933ರ ಕೋಡಿ ಹುಡುಗನಾಗಿದ್ದಾಗ ನೋಡಿದ್ದರಂತೆ, ಆಮೇಲೆ ಸಾಯೋವರೆಗೂ ಇನ್ನೊಂದು ನೋಡಲಿಲ್ಲ. ತುಂಬಿದ ಡ್ಯಾಂ ಇಟ್ಟುಕೊಂಡು ಲೆಕ್ಕ ಹಾಕಿದ್ದರೆ ಅವರ ಇಡೀ ಜೀವನಕ್ಕೆ ಒಂದೇ ಒಂದು ವರ್ಷ ಲೆಕ್ಕ ಸರಿಯಾಗ್ತಿತ್ತು.

ಕೊಳ್ಳೋರು ಮುಂಚೆಯೇ ಗೊತ್ತಿದ್ದ ಕೆಲಸ

ಈಗ ಅದೇ ದಿವಾನರ ಇನ್ನೊಂದು ಕೆಲಸ ನೋಡಿ. ಶಿವನಸಮುದ್ರದಲ್ಲಿ ಕಂಬ ನೆಡೋ ಮುಂಚೆಯೇ ಕೋಲಾರದ ಚಿನ್ನದ ಗಣಿಯವರ ಜೊತೆ ಒಪ್ಪಂದ ಆಗಿತ್ತು. ಗಣಿಗೆ 4,000 ಅಶ್ವಶಕ್ತಿ ಬೇಕು, ಮಳೆ ಬರಲಿ ಬಿಡಲಿ ದಿನಾ ಬೇಕು. 92 ಮೈಲಿ ತಂತಿ ಎಳೆದು 1902ರ ಜೂನ್ 30ಕ್ಕೆ ಕರೆಂಟು ಕೊಟ್ಟರು. ಸ್ವಿಚ್ ಹಾಕಿದ ದಿನದಿಂದಲೇ ಹಣ. ಬೇಡಿಕೆ ಏರಿದಂತೆ ಯಂತ್ರ ಸೇರಿಸ್ತಾ ಹೋದರು, 1905ರಲ್ಲಿ ಬೆಂಗಳೂರಿನ ಬೀದಿಗೂ ದೀಪ ಬಂತು.

ಆದರೆ ಅಲ್ಲೂ ಒಂದು ಹುಳುಕು ಇತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಗಣಿಗೆ ಕೊಟ್ಟ ಮಾತು ತಪ್ಪುತ್ತೆ. 1909ರಲ್ಲಿ ಚೀಫ್ ಇಂಜಿನಿಯರಾಗಿ ಬಂದ ವಿಶ್ವೇಶ್ವರಯ್ಯನವರು ಕನ್ನಂಬಾಡಿ ಕಟ್ಟೆಯ ಲೆಕ್ಕ ಇಟ್ಟದ್ದೇ ಇಲ್ಲಿಂದ. ಒಟ್ಟು ಅಂದಾಜು 253 ಲಕ್ಷ. ಖಜಾನೆಗೆ ಅದು ಭಾರೀ ಮೊತ್ತ. ಕೆಲಸವನ್ನ ಎರಡು ಹಂತ ಮಾಡಿದರು. 1911ರಲ್ಲಿ ಮೊದಲ ಹಂತಕ್ಕೆ ಮಂಜೂರಾದದ್ದು 81 ಲಕ್ಷ. ಕಟ್ಟೆ ಅರ್ಧ ಎದ್ದರೂ ಬೇಸಿಗೆ ನೀರು ಶಿವನಸಮುದ್ರಕ್ಕೆ ಸಿಗುತ್ತೆ, ಕರೆಂಟಿನ ದುಡ್ಡು ಬರ್ತಾ ಇರುತ್ತೆ. ನಾಲೆ, ಗದ್ದೆ, ಕಬ್ಬು ನಿಧಾನಕ್ಕೆ ಆಮೇಲೆ. ಮಂಡ್ಯದ ಕಡೆ ದೊಡ್ಡ ನಾಲೆ ಹರಿದದ್ದು 1930ರ ದಶಕದಲ್ಲಿ, ಸಕ್ಕರೆ ಕಂಪನಿ ಬಂದದ್ದು 1933ರಲ್ಲಿ. ನಮ್ಮಲ್ಲಿ ಮೊದಲ ಕೋಡಿ ಬಿದ್ದ ವರ್ಷವೇ ಅದು.

ಇಲ್ಲಿ ರೈತ ಕಲಿಯೋದು ಇದೆ. ನಿಧಾನಕ್ಕೆ ಫಲ ಕೊಡೋ ಕೆಲಸಕ್ಕೆ ಬೇಗ ಫಲ ಕೊಡೋ ಒಂದು ಕೆಲಸವನ್ನ ಜೊತೆ ಮಾಡಿದರು. ಪೂರ್ತಿ ದುಡ್ಡು ಒಂದೇ ಸಲ ಸುರೀಲಿಲ್ಲ. ಬರೋ ಆದಾಯ ಯಾವ ತಿಂಗಳಲ್ಲಿ ಕೈಕೊಡುತ್ತೆ ಅಂತ ಮೊದಲೇ ಹುಡುಕಿ, ಅದಕ್ಕೆ ಏರ್ಪಾಡು ಮಾಡಿದರು.

ಹಾಗಾದರೆ ಮಾರಿಕಣಿವೆ ನಷ್ಟವಾ?

ಅಲ್ಲ. ಹಾಗೆ ಯಾರಾದರೂ ಅಂದರೆ ನಾನು ಒಪ್ಪಲ್ಲ. 1901ರಿಂದ 1903ರವರೆಗೆ ದೇಶ ಸುತ್ತಿದ ನೀರಾವರಿ ಕಮಿಷನ್ನಿನವರು ಒಂದು ಮಾತು ಎತ್ತಿ ಹಿಡಿದರು: ಬರ ಬರೋ ಸೀಮೆಯಲ್ಲಿ ನೀರ್ಗಂದಾಯ ಒಂದನ್ನೇ ನೋಡಬಾರದು, ಬರ ಪರಿಹಾರಕ್ಕೆ ಆಗ್ತಿದ್ದ ಖರ್ಚು ಎಷ್ಟು ಉಳೀತು ಅನ್ನೋದನ್ನೂ ಎಣಿಸಬೇಕು ಅಂತ. ಕೋಡಿ ಬೀಳದ ಆ 89 ವರ್ಷದಲ್ಲೂ ಡ್ಯಾಂ ಖಾಲಿ ಕೂತಿರಲಿಲ್ಲ. ಅರ್ಧ, ಕಾಲು ತುಂಬಿದ ನೀರಲ್ಲೇ ನಾಲೆ ಹರೀತು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯೂ ಗ್ಯಾರಂಟಿ ಇಲ್ಲದ ಹಿರಿಯೂರಲ್ಲಿ ತೆಂಗಿನ ತೋಟ ಎದ್ದವು. ಚಿತ್ರದುರ್ಗಕ್ಕೆ, ಹಿರಿಯೂರಿಗೆ ಕುಡಿಯೋ ನೀರು ಅಲ್ಲಿಂದಲೇ ಹೋಯ್ತು.

"ಎಷ್ಟು ವರ್ಷಕ್ಕೆ ಅಸಲು" ಅನ್ನೋ ಲೆಕ್ಕಕ್ಕೆ ಇದು ಕಾಣಲ್ಲ. ಅಸಲು ಹುಟ್ಟಿದ ದಿನಕ್ಕೆ ಆ ಲೆಕ್ಕ ಪುಸ್ತಕ ಮುಚ್ಚುತ್ತೆ. ಮುಂದೆ ನೂರು ವರ್ಷ ನೀರು ಕೊಟ್ಟರೂ ಒಂದೇ, ಮಾರನೇ ದಿನ ಒಡೆದು ಹೋದರೂ ಒಂದೇ. ಬೇಗ ಅಸಲು ಕೊಡೋದೆಲ್ಲ ಒಳ್ಳೇದಲ್ಲ, ತಡವಾಗಿ ಕೊಡೋದೆಲ್ಲ ಕೆಟ್ಟದ್ದಲ್ಲ. ಆ ಲೆಕ್ಕ ಹೇಳೋದು ಒಂದೇ: ಎಷ್ಟು ವರ್ಷ ನೀವು ಉಸಿರು ಬಿಗಿ ಹಿಡಿದಿರಬೇಕು ಅಂತ. ಸರ್ಕಾರಕ್ಕೆ 26 ವರ್ಷ ಕಾಯೋ ಶಕ್ತಿ ಇತ್ತು. ನಮಗೆ ನಿಮಗೆ ಎಷ್ಟು ಇದೆ?

ಈಗ ತಮ್ಮನ ಚೀಟಿ

ನಾವಿಬ್ಬರೂ ಬದುವಿನ ಮೇಲೆ ಕೂತು ಅದೇ ಚೀಟಿಯ ಹಿಂದೆ ಮತ್ತೆ ಬರೆದೆವು. ಅಂಕಿ ಅವನವೇ. ನಿಮ್ಮ ಹೊಲಕ್ಕೆ ನಿಮ್ಮ ಅಂಕಿ ಹಾಕಿಕೊಳ್ಳಿ.

ಮೊದಲ ವರ್ಷ ಗುಂಡಿ, ಸಸಿ, ಗೊಬ್ಬರ, ಡ್ರಿಪ್ ಸೇರಿ ಎಕರೆಗೆ 1,80,000. ಎರಡರಿಂದ ಐದನೇ ವರ್ಷದವರೆಗೆ ವರ್ಷಕ್ಕೆ 40,000. ಒಟ್ಟು 3,40,000. ಐದು ವರ್ಷ ಪೈಸೆ ಬರಲ್ಲ. ಆರನೇ ವರ್ಷ ಖರ್ಚು ಕಳೆದು 1,00,000. ಏಳಕ್ಕೆ 1,40,000. ಎಂಟರಿಂದ ಮುಂದೆ 2,00,000.

ಬಡ್ಡಿ ಇಲ್ಲದೆ ಕೂಡಿದರೆ ಏಳನೇ ವರ್ಷದ ಕೊನೆಗೆ 2,40,000 ವಾಪಸ್. ಉಳಿದ ಒಂದು ಲಕ್ಷ ಎಂಟನೇ ವರ್ಷದ ನಡುವೆ. ಅಂದರೆ ಏಳೂವರೆ ವರ್ಷ. ಅವನು ಎರಡು ವರ್ಷ ಅಂದಿದ್ದು ಫಲ ಬಂದ ಮೇಲಿನ ಎರಡು ವರ್ಷ. ಕಾಯೋ ಐದು ವರ್ಷ ಚೀಟಿಯಲ್ಲೇ ಇರಲಿಲ್ಲ.

ನೂರಕ್ಕೆ ವರ್ಷಕ್ಕೆ 9ರ ಬಡ್ಡಿ ಸೇರಿಸಿದೆವು. ಐದನೇ ವರ್ಷದ ಕೊನೆಗೆ ಸಾಲ 4,76,000 ದಾಟಿತು. ಒಂದು ಅಡಿಕೆ ಕಣ್ಣಿಗೆ ಕಾಣೋ ಮುಂಚೆಯೇ 1,36,000 ಬಡ್ಡಿ. ತೀರೋದು ಒಂಬತ್ತನೇ ವರ್ಷದಲ್ಲಿ.

ಆಮೇಲೆ ಒಂದು ಬರ ಹಾಕಿದೆವು. ಎಂಟನೇ ವರ್ಷ ಮಳೆ ಇಲ್ಲ, ಬೋರು ಬತ್ತಿತು, ಟ್ಯಾಂಕರ್ ಹೊಡೆಸಿ ಮರ ಉಳಿಸಿಕೊಂಡ, ಆ ವರ್ಷ ಬಂದದ್ದಕ್ಕಿಂತ ಹೋದದ್ದೇ 50,000 ಜಾಸ್ತಿ. ಒಂಬತ್ತನೇ ವರ್ಷ ಮರ ಚೇತರಿಸಿಕೊಳ್ತಾ ಅರ್ಧ ಫಲ. ಸಾಲ ತೀರಿದ್ದು ಹನ್ನೊಂದನೇ ವರ್ಷಕ್ಕೆ. ಒಂದೇ ಒಂದು ಬರಕ್ಕೆ ಎರಡು ವರ್ಷ ಮುಂದೆ ಹೋಯ್ತು. ಅದೂ ಮರ ಉಳಿದರೆ.

ಮರ ಉಳಿಯುತ್ತೆ ಅನ್ನೋದಕ್ಕೆ ಗ್ಯಾರಂಟಿ ಇಲ್ಲ ಅಂತ ನಮಗೆ ಯಾರೂ ಹೇಳಬೇಕಾಗಿಲ್ಲ. 2016, 17, 18 ನೆನಪಿದೆಯಲ್ಲ. ನಾಲೆಗೆ ನೀರಿಲ್ಲದೆ ನಮ್ಮ ತಾತ ಇಟ್ಟ ತೆಂಗಿನ ಮರ ಸುಳಿ ಬಿದ್ದವು. ಅವು ತಮ್ಮ ಅಸಲನ್ನ ಯಾವತ್ತೋ ಕೊಟ್ಟಿದ್ದವು, ದುಃಖ ಆಯ್ತು, ಸಾಲ ಆಗಲಿಲ್ಲ. ನಮ್ಮ ಪಕ್ಕದ ಹೊಲದ ಯಜಮಾನರ ತೋಟ ಎಂಟು ವರ್ಷದ್ದು. ಅವರಿಗೆ ಮರವೂ ಹೋಯ್ತು, ಸಾಲವೂ ಉಳೀತು. ಬರ ಒಂದೇ, ಬಿದ್ದ ಹೊತ್ತು ಬೇರೆ.

ಅದಕ್ಕೇ ಹೇಳೋದು, ಅಸಲು ಹುಟ್ಟೋ ವರ್ಷ ಎಷ್ಟು ಅಂತ ಗೊತ್ತಾದ ಮೇಲೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ನಮ್ಮೂರಲ್ಲಿ ಅಷ್ಟು ವರ್ಷ ಬರ ಇಲ್ಲದೆ ಯಾವತ್ತಾದರೂ ಕಳೆದಿದೆಯಾ? ಡ್ಯಾಂ ಕೋಡಿ ಬಿದ್ದ ಮರುವರ್ಷ, 2023ರಲ್ಲೇ, ರಾಜ್ಯದ ಮುಕ್ಕಾಲಿಗಿಂತ ಹೆಚ್ಚು ತಾಲ್ಲೂಕು ಬರ ಪಟ್ಟಿಗೆ ಸೇರಿದವು. ಹನ್ನೊಂದು ವರ್ಷದ ಲೆಕ್ಕದಲ್ಲಿ ಒಂದು ಬರ ಬರೀದೆ ಇದ್ದರೆ ಆ ಲೆಕ್ಕ ನಮ್ಮ ಸೀಮೆಯದ್ದಲ್ಲ.

ತಮ್ಮ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದ. ಆಮೇಲೆ, "ಹಾಕಬೇಡ ಅಂತೀಯೇನಣ್ಣ?" ಅಂದ.

ಹಾಕಬೇಡ ಅನ್ನಲಿಲ್ಲ. ಕನ್ನಂಬಾಡಿ ಥರ ಮಾಡು ಅಂದೆ. ಎರಡು ಎಕರೆ ಬದಲು ಮೊದಲು ಅರ್ಧ ಎಕರೆ. ಸಾಲಿನ ನಡುವೆ ಮೊದಲ ಮೂರು ನಾಲ್ಕು ವರ್ಷ ಬಾಳೆ, ತರಕಾರಿ, ಮನೆಯಲ್ಲಿ ಎರಡು ಹಸು. ದಿನದ ದುಡ್ಡು ಅದರಿಂದ ಬರಲಿ. ಉಳಿದ ಹೊಲದಲ್ಲಿ ಶೇಂಗಾ, ರಾಗಿ ನಿಲ್ಲಿಸಬೇಡ. ಸಾಲ ತೆಗೆಯೋದಾದರೆ ಕಂತು ಆರನೇ ವರ್ಷದಿಂದ ಶುರುವಾಗೋ ಹಾಗಿದ್ದರೆ ಮಾತ್ರ. ಒಂದು ಬೇಸಿಗೆ ಟ್ಯಾಂಕರಿಗೆ ಆಗೋವಷ್ಟು ದುಡ್ಡು ಪಕ್ಕಕ್ಕೆ ಇಟ್ಟು, ಅದನ್ನೂ ತೋಟದ ಖರ್ಚು ಅಂತಲೇ ಬರಿ.

ಈಗ ಅವನು ಅರ್ಧ ಎಕರೆಗೆ ಗುಂಡಿ ತೆಗೆಸ್ತಿದ್ದಾನೆ. ಚೀಟಿ ನನ್ನ ಹತ್ರ ಇದೆ. ನಿಮ್ಮ ತೋಟದ ಖರ್ಚು, ಮೊದಲ ಫಲದ ವರ್ಷ, ಬರದಲ್ಲಿ ಏನಾಯ್ತು ಅನ್ನೋದು ನೆನಪಿದ್ದರೆ ಕೆಳಗೆ ಬರೀರಿ. ಹೊಸದಾಗಿ ಹಾಕೋ ಹುಡುಗರಿಗೆ ನರ್ಸರಿಯವರು ಹೇಳೋ ಅಂಕಿಗಿಂತ ಅದೇ ಹೆಚ್ಚು ಉಪಯೋಗ.